ಮುಧೋಳ ನಾಯಿ ಬೆಕ್ಕುಗಳ ಮೇಲೆ ಬೀಳುತ್ತಿದೆ, ಫ್ಲಾಟಿನಲ್ಲಿ ಇಟ್ಟುಕೊಂಡು ಏನು ಮಾಡಬಹುದು?

ವಾರ್ಜೆ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಪುಣೆಯ ವಾರ್ಜೆಯಲ್ಲಿ. ಮನೆಯಲ್ಲಿ ಮೂರು ವರ್ಷದ ಗಂಡು ಮುಧೋಳ ನಾಯಿ ಇದೆ, ಹೆಸರು ಕೆಂಚ. ನಮ್ಮ ಮಾವನವರು ಲೋಕಾಪುರದ ಕಡೆಯವರು, ಮರಿ ಬಂದದ್ದು ಅಲ್ಲಿಂದಲೇ. ಮನೆಯವರ ಜೊತೆ ಇವನಷ್ಟು ಸಾಧು ಪ್ರಾಣಿ ಇಲ್ಲ. ನನ್ನ ಮಗಳು ಅವನ ಬೆನ್ನಿಗೆ ಒರಗಿಕೊಂಡೇ ಹೋಂವರ್ಕ್ ಮಾಡುತ್ತಾಳೆ.

ತೊಂದರೆ ಇರುವುದು ಸಣ್ಣ ಪ್ರಾಣಿಗಳ ವಿಷಯದಲ್ಲಿ. ಬೆಕ್ಕು, ಅಳಿಲು, ಒಮ್ಮೊಮ್ಮೆ ಸಣ್ಣ ನಾಯಿ ಕೂಡ. ಕಳೆದ ವಾರ ಪಾರ್ಕಿಂಗಿನಲ್ಲಿ ಕಾರಿನ ಕೆಳಗಿಂದ ಒಂದು ಬೆಕ್ಕು ಓಡಿತು. ಕೆಂಚ ತಲೆ ಹಿಂದಕ್ಕೆ ಎಳೆದು ಕೊರಳಪಟ್ಟಿಯಿಂದ ಜಾರಿಕೊಂಡ. ಕಣ್ಣು ಮುಚ್ಚಿ ಬಿಡುವುದರೊಳಗೆ ಬೆಕ್ಕು ಬಾಯಲ್ಲಿತ್ತು, ಹಿಡಿದು ಕೊಡವುತ್ತಿದ್ದ. ವಾಚ್‌ಮನ್ ನೀರಿನ ಪೈಪ್ ತಿರುಗಿಸಿ ಮುಖಕ್ಕೆ ನೀರು ಬಿಟ್ಟ ಮೇಲೆ ಕೆಂಚ ಬೆಕ್ಕನ್ನು ಬಿಟ್ಟ. ಬೆಕ್ಕು ಬದುಕಿದೆ, ದವಾಖಾನೆಯಲ್ಲಿದೆ. ಖರ್ಚು ನಾವೇ ನೋಡಿಕೊಳ್ಳುತ್ತಿದ್ದೇವೆ.

ಈಗ ಸೊಸೈಟಿಯವರು ನಾಯಿಯನ್ನು ಬೇರೆಲ್ಲಾದರೂ ಬಿಡಿ ಅನ್ನುತ್ತಿದ್ದಾರೆ. ಅತ್ತೆಯವರು ಊರಿಗೆ ಕಳಿಸೋಣ ಅನ್ನುತ್ತಾರೆ. ಬೆಳಿಗ್ಗೆ ವೇತಾಳ ಟೇಕಡಿ ಅನ್ನುವ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆವು, ಅಲ್ಲಿ ನವಿಲುಗಳಿವೆ, ಹಾಗಾಗಿ ಅದನ್ನೂ ನಿಲ್ಲಿಸಿದ್ದೇವೆ. ಇದು ಸರಿಹೋಗುವ ಸ್ವಭಾವವೇ? ಅನುಭವ ಇರುವವರು ದಯವಿಟ್ಟು ಹೇಳಿ.

ಮುಲುಂಡ್_ಕಾಕಾ

ಅಮ್ಮ, ಬೇಜಾರು ಮಾಡಿಕೊಳ್ಳಬೇಡ, ಮನೆಯಲ್ಲಿ ಯಜಮಾನ ಯಾರು ಅಂತ ನಾಯಿಗೆ ಗೊತ್ತಾಗಬೇಕು. ನಾನು ನಲವತ್ತು ವರ್ಷದಿಂದ ಅಲ್ಸೇಷಿಯನ್ ಸಾಕಿದವನು. ಪೇಪರ್ ಸುತ್ತಿ ಮೂತಿಗೆ ಎರಡು ಬಿಟ್ಟರೆ ಮತ್ತೆ ಆ ಕಡೆ ನೋಡುವುದಿಲ್ಲ. ಬಿಗಿಯುವ ಚೈನ್ ಹಾಕು. ಬೆಕ್ಕಿನ ಕಡೆ ತಿರುಗಿದ ಕೂಡಲೇ ಜಗ್ಗಿ ಎಳೆ. ಪ್ರೀತಿ ಬೇಕು, ಆದರೆ ಶಿಸ್ತೂ ಬೇಕು.

ಪಶುವೈದ್ಯೆ_ಠಾಣೆ

ವಾರ್ಜೆ ಅಕ್ಕ, ಮೊದಲು ಆ ಬೆಕ್ಕಿನ ಬಗ್ಗೆ ಹೇಳುತ್ತೇನೆ. ನಾಯಿ ಕಚ್ಚಿ ಕೊಡವಿದಾಗ ಹೊರಗೆ ಎರಡು ಸಣ್ಣ ತೂತು ಮಾತ್ರ ಕಾಣಬಹುದು. ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರುತ್ತದೆ, ಪಕ್ಕೆಲುಬು ಮುರಿದಿರಬಹುದು, ಕೀವು ಆಮೇಲೆ ಕಾಣಿಸಿಕೊಳ್ಳಬಹುದು. ಎಕ್ಸ್‌ರೇ ಆಗಿದೆಯಾ ಅಂತ ಕೇಳಿ. ಇದನ್ನು ಓದುವ ಎಲ್ಲರಿಗೂ ಒಂದು ಮಾತು: ನೋವು ಕಡಿಮೆಯಾಗಲಿ ಅಂತ ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಕೈಯಲ್ಲಿ ಹಿಡಿದು ಓಡಿ ಬರುವವರನ್ನು ನೋಡಿದ್ದೇನೆ, ಮಾತ್ರೆ ಆಗಲೇ ಹೊಟ್ಟೆ ಸೇರಿರುತ್ತದೆ. ತುಂಬಾ ಸಂಕಟವಾಗುತ್ತದೆ.

ಈಗ ಕೆಂಚನ ವಿಷಯ. ಉತ್ತರ ಹೇಳುವ ಮೊದಲು ನನಗೆ ಕೆಲವು ಸಂಗತಿ ಗೊತ್ತಾಗಬೇಕು. ಬೆಕ್ಕು ಕಂಡಾಗ ಅವನು ಬೊಗಳುತ್ತಾನಾ, ಸುಮ್ಮನಾಗುತ್ತಾನಾ? ಬೆನ್ನಿನ ಕೂದಲು ನಿಲ್ಲುತ್ತದೆಯಾ? ಬೆಕ್ಕು ಕದಲದೆ ಕೂತಿದ್ದರೆ ಏನು ಮಾಡುತ್ತಾನೆ, ಓಡಿದರೆ ಏನು ಮಾಡುತ್ತಾನೆ? ತನ್ನಷ್ಟೇ ದೊಡ್ಡ ನಾಯಿಗಳ ಜೊತೆ ಹೇಗಿರುತ್ತಾನೆ? ಇದು ಮೊದಲಿನಿಂದಲೂ ಇತ್ತಾ, ಇತ್ತೀಚೆಗೆ ಜಾಸ್ತಿಯಾಯಿತಾ?

ವಾರ್ಜೆ_ಕನ್ನಡತಿ

ಡಾಕ್ಟರೇ, ತುಂಬಾ ಧನ್ಯವಾದ. ಎಕ್ಸ್‌ರೇ ಆಗಿದೆ, ಮೂಳೆ ಮುರಿದಿಲ್ಲ. ಪಕ್ಕೆಯಲ್ಲಿ ಹೊಲಿಗೆ ಹಾಕಿದ್ದಾರೆ.

ಕೆಂಚ ಬೊಗಳುವುದೇ ಇಲ್ಲ. ಕಲ್ಲಿನ ಹಾಗೆ ನಿಂತುಬಿಡುತ್ತಾನೆ. ಮುಂದಿನ ಒಂದು ಕಾಲು ಎತ್ತಿ, ಕಿವಿ ಮುಂದೆ ಮಾಡಿ, ಕಣ್ಣು ರೆಪ್ಪೆ ಹೊಡೆಯದೆ ನೋಡುತ್ತಾನೆ. ತಲೆ ತಗ್ಗಿಸಿ ನಿಧಾನಕ್ಕೆ ಒಂದೊಂದೇ ಹೆಜ್ಜೆ ಇಡುತ್ತಾನೆ. ಆಗ ಹೆಸರು ಕರೆದರೆ ಕೇಳಿಸುವುದೇ ಇಲ್ಲ. ಬೆಕ್ಕು ಓಡಿದರೆ ಮುಗಿಯಿತು. ಕೂದಲು ನಿಲ್ಲುವುದಿಲ್ಲ, ಗುರ್ ಅನ್ನುವುದಿಲ್ಲ. ದೊಡ್ಡ ನಾಯಿಗಳ ಜೊತೆ ಆಡುತ್ತಾನೆ. ಮರಿಯಿದ್ದಾಗಿನಿಂದಲೂ ಹೀಗೇ, ಈಗ ಬಲ ಬಂದಿದೆ ಅಷ್ಟೇ.

ಪಶುವೈದ್ಯೆ_ಠಾಣೆ

ನೀವು ಬರೆದ ರೀತಿಯಲ್ಲೇ ಉತ್ತರ ಇದೆ ಅಕ್ಕ. ಇದು ಸಿಟ್ಟಲ್ಲ, ಬೇಟೆ. ಜನ ಎರಡನ್ನೂ ಒಂದೇ ಅಂದುಕೊಂಡು ಒಂದೇ ಮದ್ದು ಮಾಡುತ್ತಾರೆ. ಅಲ್ಲಿಂದಲೇ ಎಲ್ಲ ಹಾಳಾಗುತ್ತದೆ.

ಹೆದರಿದ ನಾಯಿ ಸದ್ದು ಮಾಡುತ್ತದೆ. ಬೊಗಳಿ, ಹಲ್ಲು ತೋರಿಸಿ, ಹಗ್ಗ ಜಗ್ಗಿ ಎದುರಿನ ಪ್ರಾಣಿಯನ್ನು ದೂರ ಓಡಿಸಲು ನೋಡುತ್ತದೆ. ಅದಕ್ಕೆ ಬೇಕಿರುವುದು ಅಂತರ. ಬೇಟೆಯಾಡುವ ನಾಯಿಗೆ ಅಂತರ ಬೇಡ, ಹತ್ತಿರ ಹೋಗಬೇಕು. ಅದಕ್ಕೇ ಸದ್ದಿಲ್ಲ. ನೋಡುವುದು, ದಿಟ್ಟಿಸುವುದು, ಹೊಂಚು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಹಿಡಿಯುವುದು, ಕೊಡವಿ ಕೊಲ್ಲುವುದು, ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಕುರಿ ಕಾಯುವ ನಾಯಿಗಳಲ್ಲಿ ದಿಟ್ಟಿಸುವುದನ್ನೂ ಅಟ್ಟುವುದನ್ನೂ ಉಳಿಸಿಕೊಂಡು, ಕೊಲ್ಲುವುದನ್ನು ತಲೆಮಾರುಗಳ ಆಯ್ಕೆಯಿಂದ ಕಡಿಮೆ ಮಾಡಿದ್ದಾರೆ. ಮುಧೋಳದಂಥ ಬೇಟೆನಾಯಿಯಲ್ಲಿ ಮೊಲ ಹಿಡಿಯಲಿ ಅಂತಲೇ ಕೊನೆಯವರೆಗೂ ಬೆಳೆಸಿದ್ದಾರೆ. ಕೆಂಚ ಕೆಟ್ಟ ನಾಯಿ ಅಲ್ಲ. ತನ್ನ ಅಜ್ಜ ಮುತ್ತಜ್ಜರು ಯಾವ ಕೆಲಸಕ್ಕೆ ಶಭಾಷ್ ಅನ್ನಿಸಿಕೊಂಡರೋ ಅದನ್ನೇ ಪಾರ್ಕಿಂಗಿನಲ್ಲಿ ಮಾಡಿದ್ದಾನೆ.

ನೇರವಾಗಿ ಹೇಳಬೇಕು ಅಂದರೆ, ಈ ಸ್ವಭಾವ ಪೂರ್ತಿ ಹೋಗುವುದಿಲ್ಲ. ಸಂತಾನಹರಣ ಮಾಡಿಸಿದರೂ ಹೋಗುವುದಿಲ್ಲ. ಅದರಿಂದ ಗಂಡುನಾಯಿಗಳ ನಡುವಿನ ಜಗಳ, ಊರು ಸುತ್ತುವುದು ಕಡಿಮೆಯಾಗಬಹುದು, ಬೇಟೆಗೆ ಅದು ಸಂಬಂಧವಿಲ್ಲ. ಆದರೆ ಬೆಕ್ಕುಗಳು ಸುರಕ್ಷಿತವಾಗಿ, ಕೆಂಚ ನೆಮ್ಮದಿಯಾಗಿ ಒಂದೇ ಸೊಸೈಟಿಯಲ್ಲಿ ಇರುವ ಹಾಗೆ ಖಂಡಿತ ಮಾಡಬಹುದು. ಅದಕ್ಕೆ ನಿಮ್ಮ ಕಡೆಯಿಂದ ದಿನವೂ ಎಚ್ಚರ ಬೇಕು, ಒಂದು ದಿನವೂ ರಜೆ ಇಲ್ಲ.

ಕಾಕಾ, ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಈ ಯಜಮಾನಿಕೆಯ ಮಾತು ಹುಟ್ಟಿದ್ದು ಸೆರೆಯಲ್ಲಿ ಕೂಡಿಹಾಕಿದ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ. 1947ರಲ್ಲಿ ರುಡಾಲ್ಫ್ ಶೆಂಕಲ್ ಬರೆದದ್ದು ಅಂಥ ತೋಳಗಳ ಬಗ್ಗೆ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಡೇವಿಡ್ ಮೆಕ್, ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ 1999ರಲ್ಲೇ ಬರೆದರು. ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘ 2021ರಲ್ಲಿ, ಯಾವ ವರ್ತನೆಯ ತೊಂದರೆಗೂ ಬಹುಮಾನ ಕೊಟ್ಟು ಕಲಿಸುವ ದಾರಿಯನ್ನೇ ಹಿಡಿಯಿರಿ, ನೋವು ಕೊಡುವ ಪಟ್ಟಿಗಳು ಬೇಡ ಅಂತ ಹೇಳಿದೆ.

ಮನೆಯ ಮಟ್ಟದಲ್ಲೂ ಯೋಚಿಸಿ. ಬೆಕ್ಕು ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ ನಾಯಿ ಏನು ಕಲಿಯುತ್ತದೆ? ಬೆಕ್ಕು ಬಂದರೆ ನನಗೆ ನೋವು ಅಂತ. ಇಷ್ಟು ದಿನ ಬರೀ ಬೇಟೆ ಇತ್ತು, ಈಗ ದ್ವೇಷವೂ ಸೇರಿತು. ಇನ್ನು ಹೆದರುವ ನಾಯಿಗೆ ಗುರ್ ಅಂದಿದ್ದಕ್ಕೆ ಹೊಡೆದರೆ ಅದು ಗುರ್ ಅನ್ನುವುದನ್ನು ನಿಲ್ಲಿಸುತ್ತದೆ, ಕಚ್ಚುವುದನ್ನಲ್ಲ. ಸೂಚನೆ ಕೊಡದೆ ಕಚ್ಚುವ ನಾಯಿಯೇ ಎಲ್ಲಕ್ಕಿಂತ ಅಪಾಯ.

ಬಾಗಲಕೋಟಿ_ಹಡಪ್ಸರ್

ಅಕ್ಕಾರ, ನಮಸ್ಕಾರ. ನಾನು ಬಾಗಲಕೋಟಿ ಕಡೆಯವನು, ಹಡಪ್ಸರದಲ್ಲಿ ಕೆಲಸ. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಮುಧೋಳ ನಾಯಿ ಇವೆ. ಡಾಕ್ಟರ್ ಮೇಡಂ ಹೇಳಿದ್ದು ನೂರಕ್ಕೆ ನೂರು ಖರೆ.

ಈ ತಳಿಯನ್ನು ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಅಂಚೆಚೀಟಿಯನ್ನೂ ತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮಹಾರಾಷ್ಟ್ರದವರು ಇದನ್ನೇ ಕಾರವಾನಿ ಅಂತಾರೆ. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಹಿಡಿಯುವ ನಾಯಿ ಇದು. ಬಯಲಿನಲ್ಲಿ ದೂರದ ಮೊಲ ಅಲುಗಾಡಿದರೂ ಗೊತ್ತಾಗುತ್ತದೆ. ಅದಕ್ಕೇ ಕೂತ ಬೆಕ್ಕಿಗಿಂತ ಓಡುವ ಬೆಕ್ಕು ಇದಕ್ಕೆ ಜಾಸ್ತಿ ಎಳೆತ.

ಈಗ ಪಟ್ಟಿಯ ವಿಷಯ, ಇದು ಭಾಳ ಮುಖ್ಯ. ಮುಧೋಳದ ತಲೆ ಸಣ್ಣದು, ಕುತ್ತಿಗೆ ದಪ್ಪ. ಅಂಗಡಿಯಲ್ಲಿ ಸಿಗುವ ಸಾದಾ ಪಟ್ಟಿ ಹಿಂದಕ್ಕೆ ಜಗ್ಗಿದರೆ ಜಾರಿ ಹೋಗುತ್ತದೆ. ಕೆಂಚನೂ ಹಾಗೇ ತಪ್ಪಿಸಿಕೊಂಡಿದ್ದು. ಮಾರ್ಟಿಂಗೇಲ್ ಅನ್ನುವ ಅಗಲ ಪಟ್ಟಿ ಸಿಗುತ್ತದೆ. ಜಗ್ಗಿದಾಗ ಸ್ವಲ್ಪವೇ ಬಿಗಿಯಾಗುತ್ತದೆ, ಉಸಿರು ಕಟ್ಟುವುದಿಲ್ಲ, ತಲೆ ಹೊರಗೆ ಬರುವುದಿಲ್ಲ. ಅದರ ಜೊತೆಗೆ ಹೊಟ್ಟೆಗೂ ಒಂದು ಪಟ್ಟಿ ಬರುವ ಎದೆಕವಚ ಹಾಕಿ. ಎರಡಕ್ಕೂ ಬೇರೆ ಬೇರೆ ಕೊಂಡಿ ಇರಲಿ. ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಈ ನಾಯಿ ವೇಗ ಹಿಡಿದ ಮೇಲೆ ಆ ಹಗ್ಗ ನಿಮ್ಮ ಕೈ ಕೊಯ್ಯುತ್ತದೆ.

ಊರಿಗೆ ಕಳಿಸುವುದರ ಬಗ್ಗೆ ಒಂದು ಮಾತು, ಅತ್ತೆಯವರಿಗೆ ಬೇಸರ ಆಗದಿರಲಿ. ಫ್ಲಾಟಿನಲ್ಲಿ ಬೆಳೆದ ನಾಯಿ ಲೋಕಾಪುರದಲ್ಲಿ ಮೊದಲ ದಿನವೇ ಯಾರದಾದರೂ ಕುರಿಮರಿ, ಕೋಳಿ ಹಿಡಿಯುತ್ತದೆ. ಕುರಿಗಾರರು ಸುಮ್ನೆ ಬಿಡುವುದಿಲ್ಲ. ಕಲ್ಲು, ಬಡಿಗೆ, ವಿಷ ಹಾಕಿದ ಮಾಂಸ, ಇವೆಲ್ಲ ನಮ್ಮ ಕಡೆ ಇವತ್ತಿಗೂ ನಡೆಯುತ್ತವೆ. ಅಲ್ಲಿನ ನಾಯಿಗಳು ಮರಿಯಿಂದಲೇ ಕುರಿಗಳ ನಡುವೆ ಬೆಳೆದಿರುತ್ತವೆ. ಕೆಂಚನಿಗೆ ಅದು ಗೊತ್ತಿಲ್ಲ.

ಬೆಕ್ಕಿನ_ಪರ_ಮಾಟುಂಗಾ

ಎಲ್ಲರೂ ನಾಯಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಮಾಟುಂಗಾದಲ್ಲಿ ನಮ್ಮ ಬಿಲ್ಡಿಂಗಿನ ಬೆಕ್ಕುಗಳಿಗೆ ಊಟ ಹಾಕುತ್ತೇನೆ. ನಾಯಿಯ ಬಾಯಿಂದ ಬಿಡಿಸಿದ ಬೆಕ್ಕುಗಳನ್ನು ಎತ್ತಿಕೊಂಡು ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಗೆ ಹೋಗಿದ್ದೇನೆ. ಕೆಲವು ಬದುಕಿದವು, ಕೆಲವು ಟ್ಯಾಕ್ಸಿಯಲ್ಲೇ ಹೋದವು. ಸ್ವಭಾವ, ತಳಿ, ಇತಿಹಾಸ ಎಲ್ಲ ಸರಿ. ಸತ್ತ ಬೆಕ್ಕಿಗೆ ಅದರಿಂದ ಏನು ಬಂತು? ಖರ್ಚು ಕೊಟ್ಟಿದ್ದಕ್ಕೆ ಅಕ್ಕನ ಬಗ್ಗೆ ಗೌರವ ಇದೆ. ಆದರೆ ಇವತ್ತಿನಿಂದಲೇ ಬಾಯಿಕುಕ್ಕೆ ಹಾಕದೆ ಆ ನಾಯಿ ಮನೆಯ ಬಾಗಿಲು ದಾಟಬಾರದು. ಇದು ನನ್ನ ಕೋರಿಕೆ ಅಲ್ಲ, ಆಗ್ರಹ.

ಪಶುವೈದ್ಯೆ_ಠಾಣೆ

ಮಾಟುಂಗಾದವರ ಆಗ್ರಹ ನ್ಯಾಯವಾದದ್ದು. ನಾನೂ ಅದನ್ನೇ ಹೇಳುತ್ತೇನೆ. ಒಮ್ಮೆ ಹಿಡಿದು ಕೊಡವಿದ ನಾಯಿ ಮತ್ತೆ ಹಿಡಿಯುತ್ತದೆ ಅಂತಲೇ ಇಟ್ಟುಕೊಂಡು ನಡೆಯಬೇಕು. ಬಾಯಿಕುಕ್ಕೆ, ಅಂದರೆ ಮಜಲ್, ಬುಟ್ಟಿಯ ಹಾಗಿರುವುದನ್ನೇ ತೆಗೆದುಕೊಳ್ಳಿ. ಬಟ್ಟೆಯ ಪಟ್ಟಿ ಸುತ್ತಿ ಬಾಯಿ ಮುಚ್ಚುವುದು ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ತೇಕುವುದರಿಂದ. ಬಾಯಿ ಮುಚ್ಚಿಸಿ ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ನಡೆಸಿದರೆ ಬಿಸಿಲಿನ ಹೊಡೆತಕ್ಕೆ ಸಾಯಬಹುದು.

ಆದರೆ ಮಜಲ್ ಹಾಕಿದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಮಜಲ್ ಹಾಕಿದ ಮುಧೋಳ ಕೂಡ ಬೆಕ್ಕಿಗೆ ಗುದ್ದಿ, ಕಾಲಲ್ಲಿ ಒತ್ತಿ ಗಾಯ ಮಾಡಬಲ್ಲದು. ಹಗ್ಗ ಇರಲೇಬೇಕು.

ಈಗ ಕಲಿಸುವ ಕೆಲಸ. ಬೆಕ್ಕು ಇರುವ ಜಾಗದಿಂದ ಎಷ್ಟು ದೂರದಲ್ಲಿ ಕೆಂಚ ಅದನ್ನು ನೋಡಿಯೂ ನಿಮ್ಮ ಮಾತು ಕೇಳುತ್ತಾನೆ ಅಂತ ಮೊದಲು ಕಂಡುಕೊಳ್ಳಿ. ಕಲ್ಲಾಗಿ ನಿಂತ ಅಂದರೆ ತೀರಾ ಹತ್ತಿರ ಬಂದಿರಿ ಅಂತ ಅರ್ಥ. ಸೊಸೈಟಿಯ ಮೊದಲ ಮಹಡಿಯ ಕಾರಿಡಾರಿನಿಂದ ಕೆಳಗಿನ ಬೆಕ್ಕುಗಳು ಕಾಣುತ್ತವೆ ಅಂದರೆ ಅಲ್ಲಿಂದ ಶುರು ಮಾಡಿ. ಬೆಕ್ಕು ಕಣ್ಣಿಗೆ ಬಿತ್ತು, ಕೂಡಲೇ ಬೇಯಿಸಿದ ಕೋಳಿಯ ಚೂರು ಬಾಯಿಗೆ ಬಂತು. ಬೆಕ್ಕು ಮರೆಯಾಯಿತು, ಕೋಳಿಯೂ ನಿಂತಿತು. ಈ ಕ್ರಮ ತಪ್ಪಬಾರದು. ಬೆಕ್ಕು ಮೊದಲು, ಕೋಳಿ ಆಮೇಲೆ. ಕೋಳಿ ತೋರಿಸಿ ಬೆಕ್ಕಿನಿಂದ ಗಮನ ತಿರುಗಿಸಿದರೆ ಅವನು ಕಲಿಯುವುದು ಬೇರೆಯೇ. ಒಂದು ದಿನ ಬೆಕ್ಕು ನೋಡಿದ ತಕ್ಷಣ ಅವನು ತಾನಾಗಿ ನಿಮ್ಮ ಮುಖ ನೋಡುತ್ತಾನೆ. ಆಗ ಮಾತ್ರ ಒಂದೆರಡು ಹೆಜ್ಜೆ ಹತ್ತಿರ. ಪ್ರತಿ ಸಲ ಚಿಕ್ಕದಾಗಿ, ಅವನು ದಣಿಯುವ ಮೊದಲೇ ಮುಗಿಸಿ.

ಜೊತೆಗೆ ಅವನ ಓಟದ ಹಸಿವಿಗೂ ಒಂದು ದಾರಿ ಬೇಕು. ಉದ್ದ ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೆ ಬಟ್ಟೆ ಕಟ್ಟಿ ನೆಲದ ಮೇಲೆ ಓಡಿಸಿ. ನೀವು "ಹೂಂ" ಅಂದ ಮೇಲೆ ಅಟ್ಟಬೇಕು, "ಬಿಡು" ಅಂದಾಗ ಬಿಡಬೇಕು. ಬಿಟ್ಟರೆ ಮತ್ತೆ ಆಟ. ಅಟ್ಟುವ ಹುರುಪಿನ ನಡುವೆಯೇ ಬಿಡುವುದನ್ನು ಕಲಿತ ನಾಯಿ, ಪಾರ್ಕಿಂಗಿನಲ್ಲೂ ಆ ಮಾತು ಕೇಳುವ ಸಾಧ್ಯತೆ ಜಾಸ್ತಿ.

ಬಾಗಲಕೋಟಿ_ಹಡಪ್ಸರ್

ಓಟಕ್ಕೆ ಒಂದು ಉಪಾಯ ಹೇಳಲಾ? ಪುಣೆಯಲ್ಲಿ ಈಗ ಎಲ್ಲ ಕಡೆ ಬಲೆ ಕಟ್ಟಿದ ಫುಟ್‌ಬಾಲ್ ಟರ್ಫ್ ಇವೆ. ಬೆಳಗಿನ ಜಾವ ಖಾಲಿ ಇರುತ್ತವೆ. ಮಾಲೀಕರನ್ನು ಕೇಳಿ ನೋಡಿ, ನಾಯಿಯ ಗಲೀಜು ನಾವೇ ತೆಗೆಯುತ್ತೇವೆ ಅಂದರೆ ಕೆಲವರು ಒಪ್ಪುತ್ತಾರೆ. ನಾವು ನಾಲ್ಕು ಮನೆಯವರು ಬಾಡಿಗೆ ಹಂಚಿಕೊಳ್ಳುತ್ತೇವೆ. ಮುಧೋಳಕ್ಕೆ ಗಂಟೆಗಟ್ಟಲೆ ಓಟ ಬೇಡ. ಸ್ವಲ್ಪ ಹೊತ್ತು ಜೀವ ಬಿಟ್ಟು ಓಡುತ್ತದೆ, ಆಮೇಲೆ ಮಧ್ಯಾಹ್ನದವರೆಗೆ ಮಲಗುತ್ತದೆ.

ಡೊಂಬಿವಲಿ_ಲ್ಯಾಬ್

ಇದೇ ಚರ್ಚೆಯಲ್ಲಿ ನಮ್ಮದನ್ನೂ ಕೇಳಬಹುದಾ? ನಮ್ಮದು ಲ್ಯಾಬ್ರಡಾರ್, 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬಂದ ಮರಿ. ಬೆಕ್ಕು, ಪಾರಿವಾಳಗಳಿಗೆ ಏನೂ ಮಾಡುವುದಿಲ್ಲ. ಬೀದಿನಾಯಿ ಕಂಡರೆ ಮಾತ್ರ ಹಗ್ಗ ಕಿತ್ತುಕೊಂಡು ಬೊಗಳುತ್ತಾನೆ, ಬೆನ್ನ ಮೇಲಿನ ಕೂದಲು ನೆಟ್ಟಗಾಗುತ್ತದೆ. ಸ್ಟೇಷನ್ ಕಡೆ ಹೋಗುವ ಗಲ್ಲಿಯಲ್ಲಿ ಮೂಲೆಗೊಂದು ನಾಯಿ. ಗಣಪತಿ ಹಬ್ಬದಲ್ಲಂತೂ ತೀರಾ ಜಾಸ್ತಿ.

ಪಶುವೈದ್ಯೆ_ಠಾಣೆ

ನೀವು ಹೇಳಿದ್ದು ಕೆಂಚನ ತದ್ವಿರುದ್ಧ. ನಿಮ್ಮ ಹುಡುಗ ಹೆದರಿದ್ದಾನೆ. ಮರಿಗೆ ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಲೋಕ ಪರಿಚಯವಾಗುವ ಹೊತ್ತು. ಲಾಕ್‌ಡೌನಿನಲ್ಲಿ ಆ ಹೊತ್ತು ನಾಲ್ಕು ಗೋಡೆಯೊಳಗೆ ಕಳೆಯಿತು. ಅದು ಯಾರ ತಪ್ಪೂ ಅಲ್ಲ.

ಅವನಿಗೆ ಅಂತರ ಕೊಡಿ. ಬೀದಿನಾಯಿ ಕಂಡ ಕೂಡಲೇ ರಸ್ತೆ ದಾಟಿ, ಕಾರಿನ ಮರೆಗೆ ಹೋಗಿ. ನೆಲಕ್ಕೆ ತಿಂಡಿಯ ಕಾಳು ಚೆಲ್ಲಿ, ಮೂಗು ಕೆಳಗಿಟ್ಟು ಹುಡುಕುವ ನಾಯಿಯ ಮೈ ಸಡಿಲವಾಗುತ್ತದೆ. ಹಗ್ಗ ಬಿಗಿ ಹಿಡಿಯಬೇಡಿ, ನಿಮ್ಮ ಗಾಬರಿ ಅದರಲ್ಲೇ ಅವನಿಗೆ ತಲುಪುತ್ತದೆ. ಬೀದಿನಾಯಿ ಮೇಲೇರಿ ಬಂದರೆ ನಡುವೆ ಕೊಡೆ ಬಿಚ್ಚಿ ಹಿಡಿಯಿರಿ.

ಹಬ್ಬದ ಮಾತು ಹೇಳಿದ್ದು ಒಳ್ಳೆಯದಾಯಿತು. ಇದನ್ನು ವಾರ್ಜೆ ಅಕ್ಕನೂ ಗಮನಿಸಬೇಕು, ಯಾಕೆಂದರೆ ಪುಣೆಯಲ್ಲಿ ಗಣೇಶೋತ್ಸವಕ್ಕೆ ಎಷ್ಟೋ ದಿನ ಮೊದಲೇ ನದಿ ದಂಡೆಯಲ್ಲಿ ಢೋಲ್ ತಾಶಾ ತಾಲೀಮು ಶುರುವಾಗುತ್ತದೆ. ನಾಯಿಯ ಮೈಯಲ್ಲಿ ಏರಿದ ಒತ್ತಡ ಸದ್ದು ನಿಂತ ಕೂಡಲೇ ಇಳಿಯುವುದಿಲ್ಲ. ಸಂಜೆ ಡೋಲು, ರಾತ್ರಿ ಪಟಾಕಿ, ಬೆಳಿಗ್ಗೆ ಲಿಫ್ಟಿನಲ್ಲಿ ಗದ್ದಲ, ಇಷ್ಟಾದ ಮೇಲೆ ಬೇರೆ ದಿನ ಸಹಿಸಿಕೊಳ್ಳುತ್ತಿದ್ದ ನಾಯಿಯ ಮೇಲೂ ಹಾರುತ್ತದೆ. ಆ ದಿನಗಳಲ್ಲಿ ತರಬೇತಿ ಬೇಡ. ನಸುಕಿನಲ್ಲಿ ಚಿಕ್ಕ ನಡಿಗೆ, ಉಳಿದ ಹೊತ್ತು ಮನೆಯೊಳಗೆ ತಿಂಡಿ ಬಚ್ಚಿಟ್ಟು ಹುಡುಕಿಸುವ ಆಟ ಸಾಕು.

ಹಠಾತ್ತನೆ ಜಾಸ್ತಿಯಾದ ಸಿಟ್ಟಿಗೆ ನೋವು ಕಾರಣ ಇರಬಹುದು. ಮಳೆಗಾಲದಲ್ಲಿ ಮುಂಬಯಿಯ ಲ್ಯಾಬ್‌ಗಳಿಗೆ ಕಿವಿಯ ಸೋಂಕು ಬಹಳ. ಸೊಂಟದ ಕೀಲು, ಹಲ್ಲು, ಉಣ್ಣಿಯಿಂದ ಬರುವ ಜ್ವರ, ಥೈರಾಯ್ಡ್ ಎಲ್ಲ ಒಮ್ಮೆ ನೋಡಿಸಿ. ಭಯ ತೀರಾ ಇದ್ದರೆ ವೈದ್ಯರು ಫ್ಲುಓಕ್ಸೆಟಿನ್‌ನಂಥ ಮಾತ್ರೆ ಬರೆಯಬಹುದು. ಅದು ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ನಡುವೆ ನಿಲ್ಲಿಸಬೇಡಿ, ನೀವಾಗಿ ಶುರುವೂ ಮಾಡಬೇಡಿ.

ವಾಸ್ಕೋ_ಅಕ್ಕ

ನಾವು ಗೋವಾದ ಜುವಾರಿನಗರದಲ್ಲಿದ್ದೇವೆ, ಊರು ಗದಗ. ನಮ್ಮ ನಾಯಿ ಬೀದಿಯಿಂದ ತಂದು ಸಾಕಿದ್ದು. ಪಕ್ಕದ ಮನೆಯವರ ಕೋಳಿಗಳನ್ನು ಹಿಡಿಯುತ್ತದೆ. ದುಡ್ಡು ಕೊಟ್ಟು ಸಮಾಧಾನ ಮಾಡುತ್ತಿದ್ದೇವೆ, ಆದರೆ ಎಷ್ಟು ಅಂತ ಕೊಡುವುದು? ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿ ಕೊಳೆಯುವವರೆಗೆ ಬಿಟ್ಟರೆ ಚಟ ಬಿಡುತ್ತದೆ ಅಂತ ಇಲ್ಲಿ ಹಿರಿಯರೊಬ್ಬರು ಹೇಳಿದರು. ಇದು ಹೌದಾ?

ಪಶುವೈದ್ಯೆ_ಠಾಣೆ

ದಯವಿಟ್ಟು ಅದನ್ನು ಮಾಡಬೇಡಿ ಅಕ್ಕ. ಕೊಳೆತ ಮಾಂಸದಿಂದ ನಾಯಿಗೆ ಕಾಯಿಲೆ ಬರುತ್ತದೆ, ಹುಳ ಬೀಳುತ್ತದೆ. ಯಾವತ್ತೋ ಹಿಡಿದ ಕೋಳಿಗೂ ಇವತ್ತು ಕುತ್ತಿಗೆಯಲ್ಲಿರುವ ದುರ್ನಾತಕ್ಕೂ ಸಂಬಂಧ ಇದೆ ಅಂತ ನಾಯಿಗೆ ತಿಳಿಯುವುದೂ ಇಲ್ಲ. ನಿಮಗೆ ಬೇಕಿರುವುದು ಒಳ್ಳೆಯ ಬೇಲಿ. ತಂತಿಬಲೆಯನ್ನು ಒಂದು ಅಡಿಯಷ್ಟು ನೆಲದೊಳಗೆ ಹೂಳಿ, ಇಲ್ಲದಿದ್ದರೆ ಕೆಳಗಿಂದ ತೋಡಿ ಹೊರಟುಬಿಡುತ್ತದೆ. ಕೋಳಿಗಳನ್ನು ಮೇಯಲು ಬಿಡುವ ಹೊತ್ತನ್ನು ಪಕ್ಕದವರ ಜೊತೆ ಮಾತಾಡಿಕೊಂಡು ಆಗ ನಾಯಿಯನ್ನು ಒಳಗಿಡಿ. ಕೋಳಿಗೂಡು ಗಟ್ಟಿ ಮಾಡಿಸಲು ನೀವೇ ಖರ್ಚು ಕೊಟ್ಟರೆ, ಸತ್ತ ಕೋಳಿಗಳಿಗೆ ಕೊಡುವುದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ವಕೀಲ_ಶಿವಾಜಿನಗರ

ಕಾನೂನಿನ ಮಾತು ಸ್ವಲ್ಪ. ಸಾಕುಪ್ರಾಣಿ ಇಡಬಾರದು ಅಂತ ಸೊಸೈಟಿ ನಿಯಮ ಮಾಡುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಇದು ಇದೆ, ಅದರ ಪ್ರತಿ ಸೆಕ್ರೆಟರಿಗೆ ಕೊಡಿ. ಆದರೆ ನಾಯಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಬರುತ್ತದೆ. ಆರು ತಿಂಗಳವರೆಗೆ ಸಜೆ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಯಾರಾದರೂ ಸಿಟ್ಟಿನಿಂದ ಕೆಂಚನಿಗೆ ವಿಷ ಹಾಕಿದರೆ ಅದೂ ಅಪರಾಧವೇ, 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಆಗಬಹುದು.

ಕ್ರೂರ ತಳಿ ಅಂತ 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 23 ತಳಿಗಳ ಪಟ್ಟಿಯಲ್ಲಿ ಮುಧೋಳ ಇರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಇನ್ನು ನವಿಲು. ಅದು 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಟೇಕಡಿಗೆ ಹೋಗುವುದನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ನಾಯಿಯ ಲೈಸೆನ್ಸ್, ರೇಬೀಸ್ ಲಸಿಕೆಯ ಕಾರ್ಡ್ ಎರಡನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಬೆಕ್ಕಿನ_ಪರ_ಮಾಟುಂಗಾ

ಬೆಕ್ಕುಗಳ ಕಡೆಯಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ಸೊಸೈಟಿಯಲ್ಲಿ ಯಾರು ಊಟ ಹಾಕುತ್ತಾರೋ ಅವರ ಜೊತೆ ಕೂತು ಮಾತಾಡಿ. ಪಾರ್ಕಿಂಗಿನಿಂದ, ಮೆಟ್ಟಿಲ ಬುಡದಿಂದ ದೂರದಲ್ಲಿ ಊಟದ ಜಾಗ ಮಾಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಊಟದ ಜಾಗ ಗೊತ್ತು ಮಾಡುವ ವಿಷಯ ಇದೆ, ಸೊಸೈಟಿ ಇಲ್ಲ ಅನ್ನುವಂತಿಲ್ಲ. ಹತ್ತಿರದಲ್ಲಿ ಹಾರಿ ಕೂರಲು ಗೋಡೆ, ಹಲಗೆ, ಶೆಡ್ಡಿನ ಚಾವಣಿ ಏನಾದರೂ ಇರಲಿ. ಬೆಕ್ಕಿಗೆ ಎತ್ತರ ಸಿಕ್ಕರೆ ಅದು ಓಡುವುದಿಲ್ಲ, ಹತ್ತುತ್ತದೆ. ನಾಯಿ ಇಳಿಯುವ ಹೊತ್ತು ಊಟದ ಹೊತ್ತು ಆಗದಿರಲಿ. ಆ ಪಕ್ಕೆಗೆ ಹೊಲಿಗೆ ಹಾಕಿಸಿಕೊಂಡ ಬೆಕ್ಕನ್ನು ಗಾಯ ಒಣಗುವ ಮೊದಲು ಅದೇ ಪಾರ್ಕಿಂಗಿಗೆ ಬಿಡಬೇಡಿ. ಯಾರ ಮನೆಯಲ್ಲಾದರೂ ಒಂದು ಕೋಣೆ ಸಿಗುತ್ತಾ ನೋಡಿ, ಸಿಗದಿದ್ದರೆ ಇಲ್ಲಿ ಬರೆಯಿರಿ. ಪುಣೆಯಲ್ಲಿ ನನಗೆ ಗೊತ್ತಿರುವವರನ್ನು ಕೇಳುತ್ತೇನೆ.

ಮುಲುಂಡ್_ಕಾಕಾ

ಡಾಕ್ಟರಮ್ಮ, ಎಲ್ಲ ಓದಿದೆ. ಅಲ್ಸೇಷಿಯನ್ ವಿಷಯದಲ್ಲಿ ನನ್ನ ಅನುಭವ ನನ್ನದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸದ್ದೇ ಮಾಡದೆ ಹಿಡಿಯುವ ನಾಯಿಗೆ ಪೆಟ್ಟು ಕೆಲಸ ಮಾಡುವುದಿಲ್ಲ ಅನ್ನುವುದು ಸರಿ ಕಾಣುತ್ತದೆ. ಒಂದು ಪ್ರಶ್ನೆ. ನಾಯಿಗಳು ಕಚ್ಚಾಡುವಾಗ ಬಿಡಿಸುವುದು ಹೇಗೆ? ನನ್ನ ಕೈಯಲ್ಲಿ ಈಗಲೂ ಹಲ್ಲಿನ ಗುರುತು ಇದೆ.

ಪಶುವೈದ್ಯೆ_ಠಾಣೆ

ಕೈಯನ್ನು ಬಾಯಿಯ ಹತ್ತಿರ, ಕೊರಳಪಟ್ಟಿಯ ಹತ್ತಿರ ತರಲೇಬಾರದು ಕಾಕಾ. ಆ ಆವೇಶದಲ್ಲಿ ನಾಯಿಗೆ ಕೈ ಯಾರದು ಅಂತ ತಿಳಿಯುವುದಿಲ್ಲ. ನೀರು ಮೊದಲು. ವಾರ್ಜೆಯ ವಾಚ್‌ಮನ್ ಮಾಡಿದ್ದು ಬಹಳ ಸರಿಯಾದ ಕೆಲಸ. ದಪ್ಪ ಹಲಗೆ, ಕುರ್ಚಿ, ಬಾಗಿಲು, ಏನಾದರೂ ನಡುವೆ ತೂರಿಸಬಹುದು. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎರಡನ್ನೂ ಎತ್ತಿ, ಹಿಂದಕ್ಕೆ ಅರೆ ಸುತ್ತು ತಿರುಗುತ್ತಾ ದೂರ ಹೋಗಬೇಕು. ಹಲ್ಲು ಕಚ್ಚಿಕೊಂಡಿರುವಾಗ ಜಗ್ಗಿದರೆ ಮಾಂಸ ಹರಿಯುತ್ತದೆ, ಬಾಯಿ ಸಡಿಲವಾಗುವವರೆಗೆ ಕಾಯಿರಿ. ಮನುಷ್ಯರಿಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಅರಿಸಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ.

ವಾರ್ಜೆ_ಕನ್ನಡತಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮಾಟುಂಗಾದವರ ಮಾತು ನೋವಾಯಿತು, ಆದರೆ ಅದು ಬೇಕಿತ್ತು. ಬೆಕ್ಕನ್ನು ಎರಡನೇ ಮಹಡಿಯ ಆಜಿ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಅಗಲ ಪಟ್ಟಿ, ಎದೆಕವಚ ತರಿಸಿದ್ದೇವೆ. ಚೇರ್ಮನ್ ಜೊತೆ ಮಾತಾಡಿ, ಮಜಲ್ ಮತ್ತು ಎರಡು ಕೊಂಡಿ ಇಲ್ಲದೆ ಕೆಂಚ ಕೆಳಗೆ ಇಳಿಯುವುದಿಲ್ಲ ಅಂತ ಬರೆದು ಕೊಟ್ಟಿದ್ದೇವೆ. ಊಟದ ಜಾಗ ಪಂಪ್ ರೂಮಿನ ಹಿಂದೆ ಮಾಡುವುದು ಅಂತಾಗಿದೆ. ಅತ್ತೆಯವರಿಗೆ ಲೋಕಾಪುರದ ಕುರಿಗಾರರ ವಿಷಯ ಓದಿ ಹೇಳಿದೆ. ಈಗ ಊರಿನ ಮಾತು ಎತ್ತುತ್ತಿಲ್ಲ.

ಒಂದು ತೊಡಕು. ಅಂಗಡಿಯಲ್ಲಿ ತೋರಿಸಿದ ಮಜಲ್ ಯಾವುದೂ ಕೆಂಚನ ಮೂತಿಗೆ ಸರಿಹೋಗಲಿಲ್ಲ. ಉದ್ದ ಸಾಲದು ಅಥವಾ ಅಗಲ ಜಾಸ್ತಿ. ಒಂದನ್ನು ಹಾಕಿ ನೋಡಿದರೆ ಕಾಲಿನಿಂದ ಕಿತ್ತು ಹಾಕಿದ. ಟರ್ಫಿನಲ್ಲಿ ಓಡುವಾಗಲೂ ಹಾಕಬೇಕಾ?

ಬಾಗಲಕೋಟಿ_ಹಡಪ್ಸರ್

ಅಕ್ಕಾರ, ಗ್ರೇಹೌಂಡ್ ಅಳತೆಯದು ಅಂತ ಕೇಳಿ. ಲ್ಯಾಬ್, ಅಲ್ಸೇಷಿಯನ್ ಅಳತೆ ಮುಧೋಳಕ್ಕೆ ಆಗುವುದಿಲ್ಲ. ಟೇಪ್ ಹಿಡಿದು ಮೂಗಿನ ತುದಿಯಿಂದ ಕಣ್ಣಿನ ಸ್ವಲ್ಪ ಕೆಳಗಿನವರೆಗೆ ಉದ್ದ ತೆಗೆದುಕೊಳ್ಳಿ. ಆಮೇಲೆ ಬಾಯಿ ತೆರೆದು ತೇಕುವಾಗ ಮೂತಿಯ ಸುತ್ತಳತೆ. ಬಾಯಿ ಮುಚ್ಚಿದ್ದಾಗ ಅಳೆದರೆ ಬಿಗಿಯಾಗುತ್ತದೆ. ಈ ನಾಯಿಯ ಚರ್ಮ ತೆಳು, ಮೂಗಿನ ಮೇಲೆ ಉಜ್ಜುವ ಕಡೆ ಮೆತ್ತನೆ ಬಟ್ಟೆ ಹೊಲಿಸಿ.

ಪಶುವೈದ್ಯೆ_ಠಾಣೆ

ಕಿತ್ತು ಹಾಕುವುದು ಸಹಜ, ಒಮ್ಮೆಗೇ ಕಟ್ಟಬೇಡಿ. ಬುಟ್ಟಿಯ ಒಳಗೆ ಗಟ್ಟಿ ಮೊಸರು ಹಚ್ಚಿ ಕೈಯಲ್ಲಿ ಹಿಡಿಯಿರಿ, ಅವನೇ ಮೂತಿ ಹಾಕಿ ನೆಕ್ಕಲಿ. ಕಡಲೆಕಾಯಿ ಬೆಣ್ಣೆ ಹಚ್ಚುವುದಾದರೆ ಡಬ್ಬಿಯ ಮೇಲೆ ಜೈಲಿಟಾಲ್ ಅನ್ನುವ, ಸಕ್ಕರೆಯ ಬದಲು ಹಾಕುವ ಸಿಹಿ ಇದೆಯಾ ಓದಿ, ಅದು ನಾಯಿಗೆ ವಿಷ. ಅವನು ಬುಟ್ಟಿ ಕಂಡ ಕೂಡಲೇ ತಾನಾಗಿ ಮೂತಿ ತೂರಿಸಲು ಶುರು ಮಾಡಿದ ಮೇಲೆ ಹಿಂದಿನ ಕೊಂಡಿ ಹಾಕಿ, ತಕ್ಷಣ ಬಿಚ್ಚಿ. ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ. ಅಲ್ಲಿಯವರೆಗೆ ಬೆಕ್ಕುಗಳು ಓಡಾಡದ ಹೊತ್ತಿನಲ್ಲಿ, ಇಬ್ಬರು ಜೊತೆಗಿದ್ದು ಮಾತ್ರ ಕೆಳಗೆ ಇಳಿಸಿ. ಒಬ್ಬರು ಮುಂದೆ ಹೋಗಿ ಕಾರುಗಳ ಕೆಳಗೆ ನೋಡಲಿ.

ಟರ್ಫಿನಲ್ಲಿ ಬೇರೆ ನಾಯಿಗಳಿದ್ದರೆ, ಅದರಲ್ಲೂ ಸಣ್ಣವು ಇದ್ದರೆ, ಹಾಕಲೇಬೇಕು. ಒಬ್ಬನೇ ಇದ್ದು, ಬಲೆ ಎಲ್ಲ ಕಡೆ ಗಟ್ಟಿಯಾಗಿದೆ, ಒಳಗೆ ಬೆಕ್ಕು ಅಳಿಲು ಇಲ್ಲ ಅಂತ ಒಂದು ಸುತ್ತು ನಡೆದು ನೋಡಿದ ಮೇಲೆ ಬಿಚ್ಚಬಹುದು.